ರೇಚಲ್ ಕಾರ್ಸನ್ನಳೂ ಆಕೆಯ ಗೆಳತಿಯೂ

ಮೂಡಿಗೆರೆಯ ಸೀಮೆಯ ದೇವರಮನೆ ಬೆಟ್ಟವನ್ನು ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರುವರು. ಮಳೆಗಾಲದ ಮುಂಜಾನೆ ಕಾಲಭೈರವೇಶ್ವರನ ಹಳೆಯ ಗುಡಿಯನ್ನೂ ಅದರ ಬಳಿಯ ಕೊಳವನ್ನೂ ಮಂಜು ಮುಚ್ಚಿರುವಾಗ ಹಕ್ಕಿಗಳ ಧ್ವನಿಯೊಂದೇ ಅಲ್ಲಿ ಕೇಳಿಬರುವುದು. ಆ ಧ್ವನಿಯು ಒಂದು ವಸಂತದಲ್ಲಿ ನಿಂತುಹೋದರೆ ಏನಾದೀತೆಂದು ಲೋಕವನ್ನು ಕೇಳಿದವಳು ಅಮೇರಿಕಾ ದೇಶದ ರೇಚಲ್ ಕಾರ್ಸನ್. ಆಕೆಯ ಗ್ರಂಥದ ಹೆಸರನ್ನು ಬಲ್ಲವರು ಬಹು ಮಂದಿ. ಅದನ್ನು ಬರೆಯುತ್ತಿದ್ದಾಗ ಆಕೆಯನ್ನು ಅರ್ಬುದರೋಗವು, ಎಂದರೆ ಕ್ಯಾನ್ಸರ್, ಒಳಗಿನಿಂದ ತಿನ್ನುತ್ತಿದ್ದಿತೆಂಬುದನ್ನೂ, ಆ ವರ್ಷಗಳಲ್ಲಿ ಆಕೆಗೆ ಆಸರೆಯಾಗಿದ್ದ ಗೆಳತಿಯನ್ನೂ ಬಲ್ಲವರು ಕಡಮೆ.

ಆಕೆಯು 1907ನೆಯ ಇಸವಿ ಮೇ ತಿಂಗಳ 27ನೆಯ ತಾರೀಖು ಪೆನ್ಸಿಲ್ವೇನಿಯಾ ಪ್ರಾಂತದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ ಹುಟ್ಟಿದಳು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಾಹಿತ್ಯವನ್ನು ಓದಲೆಂದು ಸೇರಿದವಳು, ಅಲ್ಲಿನ ಉಪಾಧ್ಯಾಯಿನಿ ಮೇರಿ ಸ್ಕಾಟ್ ಸ್ಕಿಂಕರಳ ಪಾಠಕ್ಕೆ ಮನಸೋತು ಜೀವಶಾಸ್ತ್ರಕ್ಕೆ ತಿರುಗಿದಳು. ಒಬ್ಬ ಒಳ್ಳೆಯ ಉಪಾಧ್ಯಾಯಿನಿಯಿಂದ ಏನೇನಾಗುವುದೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾನು ಹೇಳಬೇಕಾದುದಿಲ್ಲ. ಮುಂದೆ ಸರಕಾರದ ಮತ್ಸ್ಯ ಇಲಾಖೆಯಲ್ಲಿ ಹಗಲೆಲ್ಲ ದುಡಿದು, ರಾತ್ರಿಯಲ್ಲಿ ತನ್ನ ಸ್ವಂತ ಬರವಣಿಗೆಯನ್ನು ಮಾಡುತ್ತಿದ್ದಳು. 1951ರಲ್ಲಿ ಕಡಲನ್ನು ಕುರಿತ ಆಕೆಯ ಪುಸ್ತಕವು ಪ್ರಕಟವಾಗಿ ಬಹಳ ಹೆಸರು ಬಂದಿತು. ಮರುವರ್ಷ ನೌಕರಿಯನ್ನು ಬಿಟ್ಟು, ಮೇಯ್ನ್ ಪ್ರಾಂತದ ಸೌತ್‌ಪೋರ್ಟ್ ದ್ವೀಪದಲ್ಲಿ ಸಮುದ್ರದ ದಡದಲ್ಲಿಯೇ ಒಂದು ಸಣ್ಣ ಮನೆಯನ್ನು ಕಟ್ಟಿಸಲಾರಂಭಿಸಿದಳು.

ಆ ದ್ವೀಪದಲ್ಲಿ ಪ್ರತಿ ಬೇಸಗೆಯನ್ನೂ ಕಳೆಯುತ್ತಿದ್ದ ಡೊರೊಥಿ ಫ್ರೀಮನ್ ಎಂಬ ಗೃಹಿಣಿಯು ಹೊಸ ನೆರೆಯವಳನ್ನು ಸ್ವಾಗತಿಸಿ ಒಂದು ಕಾಗದವನ್ನು ಬರೆದಳು. 1953ರ ಬೇಸಗೆಯಲ್ಲಿ ಇಬ್ಬರೂ ಭೇಟಿಯಾದರು. ಡೊರೊಥಿಯು ವಯಸ್ಸಿನಲ್ಲಿ ಹಿರಿಯಳು. ಗಂಡ, ಮಗ ಇದ್ದವಳು. ವರ್ಷದಲ್ಲಿ ಅವರು ಜೊತೆಯಾಗಿರುತ್ತಿದ್ದುದು ಕೆಲವೇ ವಾರಗಳು. ಉಳಿದ ಕಾಲವೆಲ್ಲ ಕಾಗದಗಳಲ್ಲಿಯೇ ಕಳೆಯಿತು. ಹನ್ನೊಂದು ಹನ್ನೆರಡು ವರ್ಷಗಳಲ್ಲಿ ಬರೆದವುಗಳಲ್ಲಿ ಸುಮಾರು 900 ಉಳಿದಿವೆ. ಒಂದೇ ಲಕೋಟೆಯಲ್ಲಿ ಮನೆಯವರೆಲ್ಲರ ಮುಂದೆ ಓದತಕ್ಕ ಒಂದು ಕಾಗದವಿದ್ದು, ಅದರೊಳಗೆ ಗೆಳತಿಯೊಬ್ಬಳಿಗಾಗಿಯೇ ಬರೆದ ಇನ್ನೊಂದು ಇರುವುದುಂಟು.

1956ರ ಆಗಸ್ಟಿನ ಒಂದು ಕಾಗದದಲ್ಲಿರುವ ಸಂಗತಿಯನ್ನು ಬಿಡಲು ನನಗೆ ಮನಸ್ಸಿಲ್ಲ. ಅರ್ಧರಾತ್ರಿಯ ಸಮಯದಲ್ಲಿ ರೇಚಲಳು ತನ್ನ ಸೋದರಸಂಬಂಧದ ಹುಡುಗಿಯೊಡನೆ ದಡಕ್ಕೆ ಇಳಿದಿದ್ದಳು. ಆ ರಾತ್ರಿ ಅಲೆಗಳಲ್ಲಿ ಸೂಕ್ಷ್ಮಜೀವಿಗಳ ಬೆಳಕು ಮಿನುಗುತ್ತಿದ್ದಿತು. ಒಂದು ಮಿಂಚುಹುಳವು ಆ ಮಿನುಗನ್ನು ತನ್ನ ಜಾತಿಯವರ ಕರೆಯೆಂದೇ ತಿಳಿದು, ನೀರಿನ ಮೇಲೆ ತಾನೂ ಮಿನುಗುತ್ತಾ ಹಾರಾಡಿ, ಕಡೆಗೆ ಅಲೆಯಲ್ಲಿ ಬಿದ್ದುಹೋಯಿತು. ಆಕೆಯು ನೀರಿಗಿಳಿದು ಅದನ್ನೆತ್ತಿ, ರೆಕ್ಕೆ ಒಣಗಲೆಂದು ಮಗುವಿನ ಆಟದ ಬಕೆಟ್ಟಿನಲ್ಲಿಟ್ಟಳು. ಮುಂಗಾರಿಗೆ ಮುಂಚೆ ನಮ್ಮ ತೋಟಗಳ ಮರಗಳಲ್ಲಿ ಮಿಂಚುಹುಳಗಳನ್ನು ನೋಡಿದವರಿಗೆ ಆ ರಾತ್ರಿಯು ಕಣ್ಣಿಗೆ ಕಟ್ಟುವುದು.

ಮರುವರ್ಷವೇ ಆ ಹುಡುಗಿಯು ತೀರಿಕೊಂಡಳು. ಆಕೆಯ ಐದು ವರ್ಷದ ಮಗನನ್ನು ರೇಚಲಳು ದತ್ತು ತೆಗೆದುಕೊಂಡಳು. 1958ರಲ್ಲಿ ತಾಯಿಯೂ ಅಗಲಿದಳು. 1960ರ ಏಪ್ರಿಲಿನಲ್ಲಿ ರೇಚಲಳ ಸ್ತನಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆಯು ಎಂಥದೆಂಬುದನ್ನು ಆಗಿನ ವೈದ್ಯನು ಆಕೆಗೆ ತಿಳಿಸಲಿಲ್ಲ. ಸ್ತ್ರೀಯರಿಗೆ ಇಂಥ ಸತ್ಯವನ್ನು ಹೇಳದಿರುವುದು ಆ ಕಾಲದ ವಾಡಿಕೆ. ವರ್ಷದ ಕೊನೆಗೆ ಇನ್ನೊಬ್ಬ ವೈದ್ಯನಿಂದ ಸತ್ಯವು ತಿಳಿಯುವ ಹೊತ್ತಿಗೆ ರೋಗವು ಹರಡಿದ್ದಿತು.

ರಾತ್ರಿ ಎಚ್ಚರವಿರುವುದು ಆಕೆಗೆ ಹೊಸದಲ್ಲ. ಆದರೆ ಬರವಣಿಗೆಗಾಗಿ ಎಚ್ಚರವಿರುವುದು ಒಂದು, ನೋವು ಮಲಗಗೊಡದೆ ಎಚ್ಚರವಿರುವುದು ಇನ್ನೊಂದು. ರೋಗಿಯ ಮಗ್ಗುಲಲ್ಲಿ ಇರುಳು ಕಳೆದವರು ಇದನ್ನು ಬಲ್ಲರು. ಕಿರಣಚಿಕಿತ್ಸೆಯ ಬಳಲಿಕೆಯ ಮೇಲೆ ಕಣ್ಣಿನ ಉರಿಯೂತವೂ ಬಂದು, ತಾನು ಬರೆದುದನ್ನು ತಾನೇ ಓದಲಾರದೆ ಸಹಾಯಕಳಿಂದ ಓದಿಸಿ ಕೇಳಬೇಕಾಯಿತು. ಇಷ್ಟಾದರೂ ರೋಗದ ಸುದ್ದಿಯು ಹೊರಗೆ ಬೀಳದಂತೆ ನೋಡಿಕೊಂಡಳು. ಕೀಟನಾಶಕಗಳಿಂದ ಅರ್ಬುದವುಂಟಾಗಬಹುದೆಂಬ ಪ್ರಕರಣವು ಆಕೆಯ ಗ್ರಂಥದಲ್ಲಿಯೇ ಇದ್ದಿತು. ತನ್ನ ನೋವಿನ ಸಿಟ್ಟಿನಿಂದ ಬರೆದಳೆಂದು ವಿರೋಧಿಗಳು ಹೇಳುವರೆಂಬುದನ್ನು ಆಕೆ ಬಲ್ಲಳು. ಹೀಗೆ ಲೋಕದಿಂದ ಮರೆಮಾಡಿದುದನ್ನು ಹೇಳಿಕೊಳ್ಳಲು ಇದ್ದ ಬೆರಳೆಣಿಕೆಯ ಆಪ್ತರಲ್ಲಿ ಡೊರೊಥಿಯು ಮೊದಲಿನವಳು.

1962ರ ಜನವರಿಯ ಒಂದು ರಾತ್ರಿ, ಗ್ರಂಥವನ್ನು ಪ್ರಕಟಿಸಲಿದ್ದ ಪತ್ರಿಕೆಯ ಸಂಪಾದಕನು ಟೆಲಿಫೋನಿನಲ್ಲಿ ಮಾತನಾಡಿ ಬಹಳವಾಗಿ ಮೆಚ್ಚಿಕೊಂಡನು. ಹುಡುಗನನ್ನು ಮಲಗಿಸಿ, ಬೆಕ್ಕನ್ನು ಎತ್ತಿಕೊಂಡು ಓದುವ ಕೋಣೆಗೆ ಹೋಗಿ, ಬೀಥೋವನ್ನನ ಪಿಟೀಲು ಸಂಗೀತವನ್ನು ಹಾಕಿ ಕುಳಿತ ಆಕೆಗೆ ಕಣ್ಣೀರು ತಡೆಯಲಾಗಲಿಲ್ಲ. ಅದನ್ನೂ ಗೆಳತಿಗೇ ಬರೆದಳು.

ಸೈಲೆಂಟ್ ಸ್ಪ್ರಿಂಗ್ ಎಂಬ ಆ ಗ್ರಂಥವು 1962ರ ಸೆಪ್ಟೆಂಬರ್ 27ರಂದು ಪುಸ್ತಕವಾಗಿ ಹೊರಬಂದಿತು. ಮಲೆನಾಡಿನವರಾದ ನಾವು ಡಿ.ಡಿ.ಟಿ.ಯನ್ನು ಬರಿದೇ ಹಳಿಯಲಾರೆವು. ಚಳಿಜ್ವರದಿಂದ ಮನೆಗಳೇ ಹಾಳುಬಿದ್ದಿದ್ದ ಈ ಸೀಮೆಗೆ, ಗೋಡೆಗಳಿಗೆ ಅದನ್ನು ಸಿಂಪಡಿಸಿದ ಮೇಲೆಯೇ ಉಸಿರು ಬಂದಿತು. ಕಾರ್ಸನ್ನಳೂ ಎಲ್ಲವನ್ನೂ ಬಿಸುಡಬೇಕೆಂದವಳಲ್ಲ. ವಿವೇಚನೆಯಿಲ್ಲದೆ ಎಲ್ಲೆಲ್ಲಿಯೂ ಚೆಲ್ಲುವುದನ್ನು ವಿರೋಧಿಸಿದಳು. 1963ರ ಜೂನ್ 4ರಂದು ಅಮೇರಿಕಾದ ಸೆನೆಟ್ಟಿನ ಸಮಿತಿಯ ಮುಂದೆ ಸಾಕ್ಷ್ಯ ಕೊಡಲು ಕುಳಿತಾಗ ರೋಗವು ಮೂಳೆಗಳಿಗೆ ಇಳಿದಿದ್ದಿತು. ಎದುರು ಕುಳಿತವರಿಗೆ ಅದು ತಿಳಿಯದು.

ಅದೇ ಸೆಪ್ಟೆಂಬರಿನ ಒಂದು ಬೆಳಗ್ಗೆ ಗೆಳತಿಯರಿಬ್ಬರೂ ದ್ವೀಪದ ತುದಿಯ ನ್ಯೂವೇಗನ್ ಎಂಬಲ್ಲಿ ಕುಳಿತು, ದಕ್ಷಿಣಕ್ಕೆ ವಲಸೆ ಹೋಗುವ ಚಿಟ್ಟೆಗಳನ್ನು ನೋಡಿದರು. ಅವುಗಳಲ್ಲಿ ಒಂದೂ ಮರಳಿ ಬರುವುದಿಲ್ಲವೆಂದು ಇಬ್ಬರೂ ಬಲ್ಲರು; ಆದರೂ ನೋಡುತ್ತಿರುವಾಗ ದುಃಖವೆನಿಸಲಿಲ್ಲ. ಇದನ್ನು ಆ ಮಧ್ಯಾಹ್ನವೇ ರೇಚಲಳು ಡೊರೊಥಿಗೆ ಕಾಗದದಲ್ಲಿ ತಿಳಿಸಿದಳು. ಬೆಳಗ್ಗೆ ಪಕ್ಕದಲ್ಲಿಯೇ ಕುಳಿತಿದ್ದವಳಿಗೆ ಬಾಯಿಂದ ಹೇಳಲಾಗದುದನ್ನು ಹೀಗೆ ಬರೆದಳೆಂದು ನನಗೆ ತೋರುವುದು.

1964ರ ಜನವರಿಯಲ್ಲಿ ಡೊರೊಥಿಯ ಗಂಡನು ತೀರಿಹೋದನು. ಏಪ್ರಿಲ್ 14ರಂದು, 56 ವರ್ಷ ವಯಸ್ಸಿನಲ್ಲಿ, ರೇಚಲಳು ಮೇರಿಲ್ಯಾಂಡ್ ಪ್ರಾಂತದ ತನ್ನ ಮನೆಯಲ್ಲಿ ಕಣ್ಣು ಮುಚ್ಚಿದಳು. ಆಕೆಯ ಚಿತಾಭಸ್ಮದ ಒಂದು ಪಾಲನ್ನು ಡೊರೊಥಿಯು ನ್ಯೂವೇಗನ್ನಿಗೆ ಒಯ್ದು, ತಾವಿಬ್ಬರೂ ಚಿಟ್ಟೆಗಳನ್ನು ನೋಡಿದ ಆ ಬಂಡೆಗಳ ದಡದಲ್ಲಿ ಸಮುದ್ರದ ಗಾಳಿಗೆ ಬಿಟ್ಟಳು.