ಕಂಚುಗಾರನ ಮಗ ಆಂಟೊನಿ ಗೌಡಿ

ಎರಡು ವರ್ಷಗಳ ಹಿಂದೆ ಈ ಕಾಲೇಜಿಗೆ ಸೇರುವಾಗ, ಪ್ರವೇಶಪತ್ರದಲ್ಲಿ ತಂದೆಯ ಉದ್ಯೋಗವನ್ನು ಕೇಳಿದ್ದ ಅಂಕಣದೆದುರು ನಾನು ಬಹಳ ಹೊತ್ತು ಲೇಖನಿ ಹಿಡಿದು ಕುಳಿತಿದ್ದೆ. ಕೊನೆಗೆ ವ್ಯಾಪಾರವೆಂದು ಬರೆದುಬಿಟ್ಟೆ. ನಮ್ಮ ತಂದೆಯವರು ವ್ಯಾಪಾರಿಗಳಲ್ಲ, ಕಮ್ಮಾರರು. ತಿದಿಯೊತ್ತಿ ಕಬ್ಬಿಣ ಕಾಸಿ, ನೇಗಿಲ ಗುಳ, ಕುಡುಗೋಲುಗಳನ್ನು ಮಾಡಿ ಗಳಿಸಿದ ಹಣದಿಂದಲೇ ನನ್ನ ಶುಲ್ಕ ಸಂದಾಯವಾಗಿತ್ತು.

ಈ ವರ್ಷ ನಮ್ಮ ಗ್ರಂಥಾಲಯದಲ್ಲಿ ವಾಸ್ತುಶಿಲ್ಪದ ಗ್ರಂಥವೊಂದನ್ನು ತಿರುವಿಹಾಕುತ್ತಿದ್ದಾಗ, ಬಾಯ್ದೆರೆದು ನಿಂತ ಕಬ್ಬಿಣದ ಘಟಸರ್ಪವೊಂದು ಎದುರಾಯಿತು. ಅದನ್ನು ಕಲ್ಪಿಸಿದವನ ಹೆಸರು ಆಂಟೊನಿ ಗೌಡಿ. ಹೆಸರನ್ನು ಕೇಳಿ ನಮ್ಮ ಕಡೆಯ ಗೌಡರೊಬ್ಬರೆಂದು ಮಿತ್ರರು ಭ್ರಮಿಸಬಾರದು! ಈತ ಸ್ಪೇನ್ ದೇಶದ ಕಟಲೋನಿಯಾ ಪ್ರಾಂತದವನು.

ಗೌಡಿ ಹುಟ್ಟಿದ್ದು 1852ನೆಯ ಇಸವಿ ಜೂನ್ 25ರಂದು, ರೆಯುಸ್ ಪಟ್ಟಣದ ಸೀಮೆಯಲ್ಲಿ. ತಂದೆ ಫ್ರಾನ್ಸೆಸ್ಕ್ ಕಂಚುಗಾರ. ತಾಮ್ರದ ತಗಡನ್ನು ಬಡಿದು ಹಂಡೆ ಕಡಾಯಿಗಳನ್ನು ಮಾಡುವುದು ಆ ಮನೆಯ ಕಸುಬು. ಬಾಲ್ಯದಲ್ಲಿಯೇ ಕೀಲುನೋವಿಗೆ ತುತ್ತಾದ ಹುಡುಗ ಓರಗೆಯವರೊಡನೆ ಓಡಿಯಾಡಲಾರದೆ ಗಿಡಮರ, ಹುಳುಹುಪ್ಪಟೆಗಳನ್ನು ನೋಡುತ್ತ ಬೆಳೆದನು. ಚಪ್ಪಟೆಯಾದ ತಗಡು ಸುತ್ತಿಗೆಯ ಪೆಟ್ಟಿಗೆ ಬಾಗಿ ಪಾತ್ರೆಯಾಗುವುದನ್ನು ತಂದೆಯ ಬಳಿ ಕಣ್ಣಾರೆ ಕಂಡನು. ಆಕಾರಗಳನ್ನು ಮನಸ್ಸಿನಲ್ಲಿಯೇ ಕಾಣುವ ಶಕ್ತಿ ತನಗೆ ಕಂಚುಗಾರರ ವಂಶದಿಂದ ಬಂದಿತೆಂದು ಮುಂದೆ ಹೆಸರಾಂತ ಶಿಲ್ಪಿಯಾದ ಮೇಲೂ ಆತ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದನು.

ವಿದ್ಯಾಭ್ಯಾಸಕ್ಕಾಗಿ ಬಾರ್ಸಿಲೋನಾ ನಗರಕ್ಕೆ ಬಂದ ಗೌಡಿಗೆ ದಿನಗಳು ಸುಖವಾಗಿರಲಿಲ್ಲ. ಓದುತ್ತಲೇ ಶಿಲ್ಪಿಗಳ ಬಳಿ ನಕ್ಷೆ ಬರೆದು ಸಂಪಾದಿಸಬೇಕಾಗಿತ್ತು. 1876ರಲ್ಲಿ ಅಣ್ಣನೂ ತಾಯಿಯೂ ತೀರಿಕೊಂಡರು. 1878ರಲ್ಲಿ ಪದವಿ ಪಡೆದ ಗೌಡಿ ಅದೇ ವರ್ಷ ಕೈಗವಸುಗಳ ವ್ಯಾಪಾರಿಯೊಬ್ಬನಿಗಾಗಿ ಗಾಜು ಮತ್ತು ಕಬ್ಬಿಣಗಳ ಪೆಟ್ಟಿಗೆಯೊಂದನ್ನು ರಚಿಸಿದನು. ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದನ್ನು ಕಂಡು ಬೆರಗಾದ ಸಿರಿವಂತ ಎಉಸೇಬಿ ಗ್ಯುಎಲ್ ಜೀವಮಾನವಿಡೀ ಆತನ ಪೋಷಕನಾದನು.

ಎರಕದ ಕಬ್ಬಿಣಕ್ಕೂ ಬಡಿದ ಕಬ್ಬಿಣಕ್ಕೂ ಇರುವ ಭೇದವನ್ನು ಇಲ್ಲಿ ಹೇಳಬೇಕು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದರೆ ಒಂದೇ ರೂಪ ಸಾವಿರ ಸಲ ಬರುತ್ತದೆ. ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಸಿದ ಕಬ್ಬಿಣವಾದರೋ ಅಡಿಗಲ್ಲಿನ ಮೇಲೆ ಬಾಗುತ್ತದೆ, ಹೊರಳುತ್ತದೆ, ಬಳ್ಳಿಯಂತೆ ನೀಳವಾಗುತ್ತದೆ. ಆರುವ ಮುನ್ನ ಬಡಿಯಬೇಕು, ಆರಿದರೆ ಮರಳಿ ಕಾಸಬೇಕು. ಅದರಲ್ಲಿ ಕೈಯ ಗುರುತು ಉಳಿಯುತ್ತದೆ.

ನಾನು ಚಿತ್ರದಲ್ಲಿ ಕಂಡ ಘಟಸರ್ಪವು ಗ್ಯುಎಲ್‌ನ ತೋಟದ ಬಾಗಿಲು. 1885ರಲ್ಲಿ ಬಾರ್ಸಿಲೋನಾದ ಕುಲುಮೆಯಲ್ಲಿ ಸಿದ್ಧವಾದದ್ದು. ಸುಮಾರು 5 ಮೀಟರ್ ಅಗಲದ ಒಂದೇ ಕದ. ಸುರುಳಿಯಾದ ಮೈ, ಬಾವಲಿಯ ರೆಕ್ಕೆ, ಚಾಚಿದ ಉಗುರು. ಪಕ್ಕದ ಕಂಬದ ತುದಿಯಲ್ಲಿ ಕಿತ್ತಳೆಯ ಮರವೊಂದಿದೆ. ಗ್ರೀಕರ ಪುರಾಣದಲ್ಲಿ ಚಿನ್ನದ ಹಣ್ಣುಗಳ ತೋಟವನ್ನು ಕಾಯುತ್ತಿದ್ದ ಸರ್ಪವೇ ಇದು. ವಿಸೆನ್ಸ್ ಎಂಬವನ ಮನೆಯ ಬೇಲಿಯಲ್ಲಿ ತಾಳೆಯ ಜಾತಿಯ ಗಿಡದ ಎಲೆಯೇ ಕಬ್ಬಿಣವಾಗಿ ಚೌಕಚೌಕಗಳಲ್ಲಿ ಅರಳಿದೆ. 1906ರಿಂದ 1912ರವರೆಗೆ ಕಟ್ಟಿದ ಮಿಲಾ ಭವನದ ಮೊಗಸಾಲೆಗಳ ಕಟಾಂಜನಗಳಂತೂ ಅಲೆಗೆ ಸಿಕ್ಕಿದ ಕಡಲಪಾಚಿಯಂತೆ ಹೆಣೆದುಕೊಂಡಿವೆ. ಅದರಲ್ಲಿ ಗೌಡಿಯ ಸಹಾಯಕ ಜುಜೋಲ್‌ನ ಪಾಲು ದೊಡ್ಡದು. ಬಡಿದು ಕೊಟ್ಟವರು ಬಾಡಿಯಾ ಸೋದರರು. ಗುಜರಿ ಕಬ್ಬಿಣವೂ ಅಲ್ಲಿ ಕುಸುರಿಯಾಗಿದೆ.

ಗೌಡಿ ಮದುವೆಯಾಗಲಿಲ್ಲ. ವೃದ್ಧ ತಂದೆಯನ್ನು ತನ್ನೊಡನೆಯೇ ಇಟ್ಟುಕೊಂಡಿದ್ದನು. ಆ ಮುದುಕ ಕಂಚುಗಾರ 1906ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಮಗನ ಮನೆಯಲ್ಲಿ ಕಣ್ಣುಮುಚ್ಚಿದನು. ಬಳಿಕ ಗೌಡಿ ತನ್ನ ಬಾಳನ್ನೆಲ್ಲ 1883ರಲ್ಲಿ ವಹಿಸಿಕೊಂಡಿದ್ದ ಸಗ್ರಾದಾ ಫಮಿಲಿಯಾ ದೇವಾಲಯಕ್ಕೇ ಮುಡಿಪಾಗಿಟ್ಟನು. 1926ರ ಜೂನ್ 7ರಂದು ಬೀದಿಯಲ್ಲಿ ಟ್ರಾಮ್ ಗಾಡಿ ಬಡಿಯಿತು. ಹಳೆಯ ಬಟ್ಟೆ ತೊಟ್ಟಿದ್ದ ಆತನನ್ನು ಜನರು ಭಿಕ್ಷುಕನೆಂದೇ ಬಗೆದರು. ಗುರುತು ಸಿಕ್ಕುವ ಹೊತ್ತಿಗೆ ಕಾಲ ಮೀರಿತ್ತು. 10ರಂದು ಬಡವರ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು. ಬಟ್ಟೆ ನೋಡಿ ಬೆಲೆ ಕಟ್ಟಿದ ಅದೇ ನಗರವು ಶವಯಾತ್ರೆಗೆ ಬೀದಿಯಲ್ಲಿ ಕಿಕ್ಕಿರಿದು ನೆರೆಯಿತು. 1984ರಲ್ಲಿ ಯುನೆಸ್ಕೋ ಸಂಸ್ಥೆ ಮಿಲಾ ಭವನವೇ ಮೊದಲಾದ ಆತನ ಕಟ್ಟಡಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಆ ಘಟಸರ್ಪದ ಚಿತ್ರವನ್ನು ಸೀಸದ ಕಡ್ಡಿಯಿಂದ ಬರೆದುಕೊಂಡು ಒಯ್ದಿದ್ದೆ. ಅಪ್ಪ ಇಕ್ಕಳವನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಬಹಳ ಹೊತ್ತು ಅದನ್ನು ನೋಡಿದರು. ರೆಕ್ಕೆಗೂ ಮೈಗೂ ಬೆಸುಗೆ ಎಲ್ಲಿದೆ ಎಂದು ಕೇಳಿದರು. ನನ್ನ ಚಿತ್ರದಲ್ಲಿ ಅದು ಇರಲಿಲ್ಲ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅವರು ಬೆರಳಿನಿಂದಲೇ ಅದು ಇರಬೇಕಾದ ಜಾಗವನ್ನು ತೋರಿಸಿದರು. ಹಿಂದಿರುಗಿ ಬಂದು ಗ್ರಂಥವನ್ನು ತೆರೆದು ನೋಡಿದೆ; ಅವರು ತೋರಿಸಿದ ಜಾಗದಲ್ಲಿಯೇ ಅದು ಇತ್ತು.

ಬರುವ ವರ್ಷದ ಪ್ರವೇಶಪತ್ರದಲ್ಲಿ ಆ ಅಂಕಣವನ್ನು ತುಂಬಲು ನನಗೆ ಹೆಚ್ಚು ಹೊತ್ತು ಬೇಕಾಗಲಾರದು.