ಆಲದ ಮರದಡಿಯ ಮಾಸ್ತರರು: ಫಾದರ್ ಮುಲ್ಲರ್

ನಮ್ಮ ಗಡಿನಾಡಿನ ಮನೆಗಳಲ್ಲಿ ಯಾರಿಗಾದರೂ ಕಾಯಿಲೆ ಜೋರಾಯಿತೆಂದರೆ ಮೊದಲು ನೆನಪಾಗುವ ಊರು ಮಂಗಳೂರು. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಿಂದ ತಲಪಾಡಿ ದಾಟಿ, ನೇತ್ರಾವತಿಯ ಸೇತುವೆ ದಾಟಿ, ಕಂಕನಾಡಿಯ ದೊಡ್ಡಾಸ್ಪತ್ರೆಗೆ ಹೋಗಿ ಬಂದವರು ಅದೆಷ್ಟೋ ಮಂದಿ. ಆಸ್ಪತ್ರೆಗೆ ಫಾದರ್ ಮುಲ್ಲರ್ ಎಂಬ ಹೆಸರಿದೆ. ಹೆಸರು ಎಲ್ಲರಿಗೂ ಗೊತ್ತು. ಆ ಹೆಸರಿನ ಮನುಷ್ಯರು ಮಂಗಳೂರಿನಲ್ಲಿ ಮೊದಲು ಪಾಠ ಹೇಳುವ ಮಾಸ್ತರರಾಗಿದ್ದರು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ವಿದ್ಯಾಶಾಲೆಯೊಳಗೆ ಹುಟ್ಟಿದ ದಯೆ ಹೊರಗೆ ಬಂದು ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೆ ಅವರ ಬಾಳು ಒಂದು ನಿದರ್ಶನ. ಅದನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಆಗಸ್ಟಸ್ ಮುಲ್ಲರ್ ಜನಿಸಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತದಲ್ಲಿ. ತರುಣರಾಗಿದ್ದಾಗಲೇ ಜೆಸುಯಿಟ್ ಎಂಬ ಯೇಸುಸಭೆಯನ್ನು ಸೇರಿದರು. 1872ರಲ್ಲಿ ಅವರ ತಾಯ್ನಾಡಿನ ಸರಕಾರವು ಆ ಸಭೆಯನ್ನೇ ದೇಶದಿಂದ ಹೊರಗಿಡುವ ಕಾನೂನು ಮಾಡಿತು. ಹುಟ್ಟಿದ ನೆಲದಲ್ಲಿ ತಮ್ಮವರಿಗೆ ಜಾಗವಿಲ್ಲದಾದ ಕಾಲದಲ್ಲಿ ಈ ಮನುಷ್ಯರಿಗೆ ಜಾಗ ಕೊಟ್ಟದ್ದು ನಮ್ಮ ಕರಾವಳಿ. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಜೆಸುಯಿಟ್ ಪಾದ್ರಿಗಳ ಮೊದಲ ತಂಡದಲ್ಲಿ ಅವರಿದ್ದರು.

ಆಗಿನ ಮಂಗಳೂರನ್ನು ಇಂದಿನ ನಗರವೆಂದು ತಿಳಿಯಬಾರದು. ರೈಲು ಅಲ್ಲಿಗೆ ತಲುಪಿದ್ದು 1907ರಲ್ಲಿ. ನಮ್ಮ ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತೆಂಕಣ ತಾಲೂಕು. ಜಿಲ್ಲಾ ಕೇಂದ್ರ ಮಂಗಳೂರು. ಮಕ್ಕಳನ್ನು ಉನ್ನತ ವಿದ್ಯಾಭ್ಯಾಸಕ್ಕೆ ಕಳುಹಿಸಬೇಕೆಂಬ ಆಸೆ ಊರಿನ ಕ್ರೈಸ್ತರಲ್ಲಿ ಬಲವಾಗಿತ್ತು. ಅದನ್ನು ಮನಗಂಡು 1880ರ ಜನವರಿ 12ರಂದು ಕೊಡಿಯಾಲಬೈಲಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಮುಂದೆ ಲೈಟ್‌ಹೌಸ್ ಗುಡ್ಡದ ಮೇಲೆ ಕಟ್ಟಡವೆದ್ದಿತು. ಕ್ರೈಸ್ತ, ಹಿಂದೂ, ಮುಸಲ್ಮಾನ ಎಂಬ ಭೇದವಿಲ್ಲದೆ ತಲೆಮಾರುಗಳು ಅಲ್ಲಿ ಓದಿವೆ. ನಮ್ಮ ತಾಲೂಕಿನ ಹಿರಿಯರೂ ಅವರಲ್ಲಿದ್ದಾರೆ.

ಮುಲ್ಲರರು ಈ ಕಾಲೇಜಿನಲ್ಲಿ ಅಧ್ಯಾಪಕರಾದರು. ಅವರಿಗೆ ಹೋಮಿಯೋಪತಿ ಔಷಧಿಯ ಪರಿಚಯವಿತ್ತು. ಕಾಲೇಜಿನ ಹುಡುಗರಿಗೆ ಸೌಖ್ಯವಿಲ್ಲದಾದಾಗ ಅವರು ತಮ್ಮಲ್ಲಿದ್ದ ಮದ್ದನ್ನು ಕೊಡತೊಡಗಿದರು. ಕೆಲಸ ಶುರುವಾದದ್ದು ಇಷ್ಟರಿಂದ. ಯೋಜನೆಯಿರಲಿಲ್ಲ, ನಿಧಿಯಿರಲಿಲ್ಲ, ಕಟ್ಟಡವಿರಲಿಲ್ಲ. ಎದುರಿಗೆ ಕುಳಿತ ಹುಡುಗನ ಮೈ ಬಿಸಿಯಾಗಿದೆ ಎಂಬುದನ್ನು ಗಮನಿಸುವ ಕಣ್ಣು ಇತ್ತು. ಪಾಠ ಒಪ್ಪಿಸದ ಹುಡುಗನಿಗೆ ಬೆತ್ತ ತೋರಿಸುವುದು ಆ ಕಾಲದಲ್ಲಿ ಎಲ್ಲೆಡೆ ನಡೆಯುತ್ತಿದ್ದ ಕ್ರಮ. ಏಕೆ ಒಪ್ಪಿಸಲಿಲ್ಲ, ಹೊಟ್ಟೆಗಿದೆಯೇ, ಮೈಯಲ್ಲಿ ಸೌಖ್ಯವಿದೆಯೇ ಎಂದು ನೋಡುವುದು ಬೇರೆಯೇ ಒಂದು ಕ್ರಮ. ವಿದ್ಯಾರ್ಥಿಯೊಬ್ಬನನ್ನು ಬುದ್ಧಿ, ಮೈ, ಮನಸ್ಸು ಎಲ್ಲ ಸೇರಿದ ಪೂರ್ತಿ ಮನುಷ್ಯನಾಗಿ ಕಾಣಬೇಕೆಂಬುದು ಜೆಸುಯಿಟ್ ಶಾಲೆಗಳ ಹಳೆಯ ಪಾಠ. ಮುಲ್ಲರರು ಅದನ್ನು ಪುಸ್ತಕದಲ್ಲಿ ಇಡಲಿಲ್ಲ, ಕೈಯಲ್ಲಿ ಹಿಡಿದರು.

ಹುಡುಗರಿಗೆ ಮದ್ದು ಕೊಡುವ ಪಾದ್ರಿಯ ಸುದ್ದಿ ಊರಿಗೆ ಹಬ್ಬಿತು. ವೈದ್ಯರಿಗೆ ಕೊಡಲು ಕಾಸಿಲ್ಲದ ಬಡವರು ಹುಡುಕಿಕೊಂಡು ಬಂದರು. 1880ರಲ್ಲಿಯೇ ಕಂಕನಾಡಿಯ ಒಂದು ಆಲದ ಮರದ ನೆರಳಿನಲ್ಲಿ ಅವರು ರೋಗಿಗಳಿಗೆ ಮದ್ದು ಹಂಚತೊಡಗಿದರು. ಮುಂದೆ ಅದೇ ಬಡವರ ಹೋಮಿಯೋಪತಿ ಔಷಧಾಲಯವಾಯಿತು. ತರಗತಿಯಲ್ಲಿ ಪಾಠ ಹೇಳಿದವರೇ ಮರದಡಿಯಲ್ಲಿ ಕೂಲಿಯವನ ನಾಡಿ ಹಿಡಿದರೆ, ದಯೆಯ ಬಗ್ಗೆ ವಿದ್ಯಾರ್ಥಿಗಳಿಗೆ ಬೇರೆ ಉಪನ್ಯಾಸ ಬೇಕೆ?

ದಯೆಗೂ ದುಡ್ಡು ಬೇಕು. ಬರಿಯ ಕನಿಕರದಿಂದ ಔಷಧಾಲಯ ನಡೆಯದು ಎಂಬುದು ಈ ಲೆಕ್ಕದ ಮನುಷ್ಯರಿಗೆ ತಿಳಿದಿತ್ತು. ಮದ್ದುಗಳನ್ನು ಅಂಚೆಯ ಮೂಲಕ ದೇಶದ ನಾನಾ ಕಡೆಗೆ ಮಾರುವ ಏರ್ಪಾಡು ಮಾಡಿದರು. ಉಳ್ಳವರು ಕೊಟ್ಟ ಬೆಲೆಯಿಂದ ಇಲ್ಲದವರಿಗೆ ಧರ್ಮಾರ್ಥ ಚಿಕಿತ್ಸೆ ಸಿಕ್ಕಿತು. ಹತ್ತು ವರ್ಷಗಳೊಳಗೆ ಅವರ ಗಮನ ಇನ್ನೂ ಕಷ್ಟದ ಕೆಲಸದ ಕಡೆಗೆ ಹೊರಳಿತು.

ಅದು ಕುಷ್ಠರೋಗ. ರೋಗಾಣುವನ್ನು 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕಂಡುಹಿಡಿದಿದ್ದರೂ ಗುಣಪಡಿಸುವ ಮದ್ದು ಆಗ ಜಗತ್ತಿನಲ್ಲೆಲ್ಲೂ ಇರಲಿಲ್ಲ. ರೋಗಿಯನ್ನು ಮನೆಯವರೇ ಹೊರಗೆ ಹಾಕುತ್ತಿದ್ದರು. ದಾರಿಬದಿಯೇ ಅವನ ಗತಿ. 1890ರಲ್ಲಿ ಮುಲ್ಲರರು ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನಲ್ಲಿ ಕುಷ್ಠಾಶ್ರಮ ತೆರೆದರು. ರೋಗ ಗುಣವಾಗುವ ಭರವಸೆ ಕೊಡಲು ಸಾಧ್ಯವಿರಲಿಲ್ಲ. ಸೂರು, ಊಟ, ಹುಣ್ಣು ತೊಳೆಯುವ ಕೈ ಕೊಡುವುದು ಸಾಧ್ಯವಿತ್ತು. ಅದನ್ನು ಕೊಟ್ಟರು.

ಇಲ್ಲಿ ಕಾಲೇಜಿಗೆ ಹೆಸರಾದ ಸಂತನನ್ನು ನೆನೆಯಬೇಕು. ಅಲೋಶಿಯಸ್ ಗೊನ್ಜಾಗ ಇಟಲಿಯ ರಾಜಮನೆತನದ ಕುಡಿ. ಹಿರಿಯ ಮಗನ ಹಕ್ಕನ್ನೆಲ್ಲ ಬಿಟ್ಟು ಯೇಸುಸಭೆಯ ವಿದ್ಯಾರ್ಥಿಯಾದ ತರುಣ. ರೋಮ್ ನಗರಕ್ಕೆ ಮಾರಿ ಬಡಿದಾಗ ರೋಗಿಗಳ ಸೇವೆಗೆ ನಿಂತು, ಅದೇ ರೋಗ ತಗಲಿ, 1591ರ ಜೂನ್ 21ರಂದು 23ನೆಯ ವಯಸ್ಸಿನಲ್ಲಿ ತೀರಿಕೊಂಡ. ಮೂರು ಶತಮಾನಗಳ ಬಳಿಕ, ಅವನ ಹೆಸರಿನ ಕಾಲೇಜಿರುವ ಊರಿಗೂ ಪ್ಲೇಗು ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ರೋಗ ಕರಾವಳಿಯನ್ನೂ ಬಿಡಲಿಲ್ಲ. ಪ್ಲೇಗೆಂದರೆ ಊರಿಗೆ ಊರೇ ಮನೆ ಬಿಟ್ಟು ಓಡುವ ಕಾಲವದು. 1902ರಲ್ಲಿ ಮುಲ್ಲರರು ಪ್ಲೇಗು ರೋಗಿಗಳಿಗಾಗಿ ಆಸ್ಪತ್ರೆ ತೆರೆದರು. ಆಗ ಅವರಿಗೆ 61 ವರ್ಷ. ಗೋಡೆಯ ಮೇಲೆ ಚಿತ್ರವಾಗಿದ್ದ ಸಂತನ ಕಥೆ ಹುಡುಗರ ಕಣ್ಣೆದುರಿಗೆ ನಡೆದ ಹಾಗಾಯಿತು.

1907ರಲ್ಲಿ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕವಿತ್ತು ಗೌರವಿಸಿತು. 1910ರ ನವೆಂಬರ್ 1ರಂದು ಅವರು ಇಹಲೋಕ ತ್ಯಜಿಸಿದರು. ನಮ್ಮ ಗಡಿನಾಡಿನವರಿಗೆ ಆ ತಾರೀಕು ಮರೆಯುವಂಥದ್ದಲ್ಲ. 46 ವರ್ಷಗಳ ನಂತರ, 1956ರ ಅದೇ ದಿನ ನಮ್ಮ ತಾಲೂಕು ಕೇರಳಕ್ಕೆ ಸೇರಿತು.

ಆ ಸಣ್ಣ ಸಕ್ಕರೆ ಗುಳಿಗೆಗಳ ಗುಣದ ಬಗ್ಗೆ ಇಂದಿನ ವಿಜ್ಞಾನಿಗಳಲ್ಲಿ ಹೆಚ್ಚಿನವರಿಗೆ ನಂಬಿಕೆಯಿಲ್ಲ. ಆದರೆ ರೋಗಿಯನ್ನು ಹತ್ತಿರ ಕೂರಿಸಿಕೊಂಡವರ ಸಂಸ್ಥೆ ಕಾಲಕ್ಕೆ ತಕ್ಕಂತೆ ಬೆಳೆಯಿತು. ಕಂಕನಾಡಿಯಲ್ಲಿ ಆಧುನಿಕ ವೈದ್ಯಪದ್ಧತಿಯ ಆಸ್ಪತ್ರೆ ಬೆಳೆದು, 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಆದವು. ಕುಷ್ಠರೋಗವಂತೂ ಈಗ ಮಾತ್ರೆಗಳಿಂದ ಪೂರ್ತಿ ಗುಣವಾಗುವ ರೋಗ.

2020ರ ಮಾರ್ಚ್ ತಿಂಗಳ ಕೊನೆಯ ದಿನಗಳನ್ನು ನಮ್ಮ ವಾಚಕರು ಮರೆತಿರಲಾರರು. ಕೊರೋನಾ ಭಯದಿಂದ ತಲಪಾಡಿಯ ದಾರಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆ ಕೆಲವೇ ಮೈಲಿ ದೂರವಿದ್ದರೂ ತಲುಪಲಾಗದೆ ನಮ್ಮವರಲ್ಲಿ ಹಲವರು ಪ್ರಾಣ ಬಿಟ್ಟರು. ಸೋಂಕು ಹರಡಬಾರದೆಂಬ ಎಚ್ಚರ ಬೇಕು, ನಿಜ. ಆದರೆ ಮಾರಿಯ ವರ್ಷದಲ್ಲಿ ರೋಗಿಗೆಂದೇ ಬಾಗಿಲು ತೆರೆದ ಮಾಸ್ತರರ ನೆನಪು ಆ ದಿನಗಳಲ್ಲಿ ನಮಗೆ ಮತ್ತೆ ಮತ್ತೆ ಬಂತು. ರೋಗಿ ಯಾವ ಭಾಷೆಯವನು, ಯಾವ ಜಾತಿಯವನು, ಯಾವ ಊರಿನವನು ಎಂಬುದು ಆಲದ ಮರದಡಿಯಲ್ಲಿ ಲೆಕ್ಕಕ್ಕೆ ಬಂದಿರಲಿಲ್ಲ.

ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂದು ನಾವು ಚಿಂತಿಸುತ್ತೇವೆ. ಚಿಂತೆ ಸರಿಯಾದದ್ದೇ. ಕಡಿಮೆ ಮಕ್ಕಳಿರುವ ಶಾಲೆಗೆ ಒಂದು ಅನುಕೂಲವೂ ಇದೆ: ಅಲ್ಲಿ ಪ್ರತಿಯೊಂದು ಮಗುವಿನ ಮುಖವೂ ಕಾಣುತ್ತದೆ. ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗು ಉಂಡು ಬಂದಿದೆಯೇ, ಅದರ ಮೈ ಬಿಸಿಯಾಗಿದೆಯೇ ಎಂದು ನೋಡಲು ಅನುದಾನ ಬೇಕಿಲ್ಲ, ಸರಕಾರದ ಆಜ್ಞೆ ಬೇಕಿಲ್ಲ. ಕಂಕನಾಡಿಯ ಆ ದೊಡ್ಡ ಆಸ್ಪತ್ರೆಯೂ ಅಷ್ಟರಿಂದಲೇ ಶುರುವಾದದ್ದು.