ಓಟದ ಲೆಕ್ಕ ಬಿಡಿಸಿದ ಗಣಿತದ ಹುಡುಗ

ಸಂಜೆ ಗ್ರೌಂಡಿಗೆ ಹೋದರೆ ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುತ್ತಿರುವ ಗೆಳೆಯರು ಸಿಗುತ್ತಾರೆ. ಕಾಲು ನಿಂತು ಎಷ್ಟೋ ಹೊತ್ತಾದರೂ ಅವರ ಏದುಸಿರು ನಿಲ್ಲುವುದಿಲ್ಲ. ಯಾಕೆ? ನೂರು ವರ್ಷಗಳ ಹಿಂದೆಯೇ ಇದನ್ನು ಅಳೆದು ನೋಡಿದವರು ಬ್ರಿಟನ್ನಿನ ವಿಜ್ಞಾನಿ ಎ.ವಿ. ಹಿಲ್.

1886ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಹಿಲ್ ಚಿಕ್ಕವರಿದ್ದಾಗಲೇ ತಂದೆ ಮನೆ ಬಿಟ್ಟು ಹೋದರು. ಬೆಳೆಸಿದ್ದು ತಾಯಿ. ಓದಿಸಿದ್ದು ಸ್ಕಾಲರ್‌ಶಿಪ್. ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಮೂರನೇ ಸ್ಥಾನ ಪಡೆದ ಅವರು, ಗುರುಗಳ ಮಾತು ಕೇಳಿ ಶರೀರಕ್ರಿಯಾ ವಿಜ್ಞಾನಕ್ಕೆ ಹೊರಳಿದರು. ಕಪ್ಪೆಯ ಸ್ನಾಯು ಒಮ್ಮೆ ಸಂಕುಚಿಸಿದಾಗ ಏರುವ ಬಿಸಿ ಒಂದು ಡಿಗ್ರಿಯ ಸಾವಿರದ ಕೆಲವೇ ಭಾಗ. ಅದನ್ನೂ ಅಳೆದರು. ಆ ಕೆಲಸಕ್ಕೆ 1922ರ ನೊಬೆಲ್ ಬಂತು. ಜರ್ಮನಿಯ ಓಟೊ ಮೇಯರ್‌ಹೋಫ್ ಜೊತೆ ಅದನ್ನು ಹಂಚಿಕೊಂಡರು.

ಹಿಲ್ ಸ್ವತಃ ಓಟಗಾರ. ಮ್ಯಾಂಚೆಸ್ಟರ್‌ನಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು, ಬಿಟ್ಟ ಉಸಿರನ್ನು ಅದರಲ್ಲಿ ತುಂಬಿಸುತ್ತ ಹುಲ್ಲಿನ ಮೇಲೆ ಓಡಿದರು. ವೇಗ ಹೆಚ್ಚಿದಂತೆ ದೇಹ ಬಳಸುವ ಆಮ್ಲಜನಕವೂ ಹೆಚ್ಚುತ್ತದೆ. ಒಂದು ಹಂತದ ನಂತರ ಏರುವುದಿಲ್ಲ. ಅವರ ಮಿತಿ ನಿಮಿಷಕ್ಕೆ ಸುಮಾರು 4 ಲೀಟರ್. ಇಂದು ಸ್ಮಾರ್ಟ್‌ವಾಚ್‌ಗಳು ತೋರಿಸುವ ವಿಒ2 ಮ್ಯಾಕ್ಸ್‌ನ ಮೂಲ ಇದೇ. ಮಿತಿ ಮೀರಿ ಓಡಿದಾಗ ದೇಹ ಸಾಲ ಮಾಡುತ್ತದೆ, ಓಟ ಮುಗಿದ ಮೇಲೆ ಏದುಸಿರಿನಲ್ಲಿ ತೀರಿಸುತ್ತದೆ ಎಂದು ಅವರು ವಿವರಿಸಿದರು. ಈ ಸಾಲಕ್ಕೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ಅವರ ವಿವರಣೆಯನ್ನು ಮುಂದಿನ ಸಂಶೋಧನೆಗಳು ತಿದ್ದಿವೆ. ಆದರೆ ಅಳೆದು ನೋಡುವ ದಾರಿ ಉಳಿದಿದೆ.

ನನಗೆ ಇಷ್ಟವಾದದ್ದು ಇನ್ನೊಂದು ಪ್ರಯೋಗ. ಓಟಗಾರನಿಗೆ ಅಯಸ್ಕಾಂತ ಕಟ್ಟಿ, ಟ್ರ್ಯಾಕ್ ಪಕ್ಕದಲ್ಲಿ ತಂತಿಯ ಸುರುಳಿಗಳನ್ನಿಟ್ಟರು. ಆತ ದಾಟಿದಾಗಲೆಲ್ಲ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ, ವೇಗ ದಾಖಲಾಗುತ್ತಿತ್ತು. ನಾವು ಪಿಯುಸಿಯಲ್ಲಿ ಅಂಕಕ್ಕಾಗಿ ಉರು ಹೊಡೆದ ಫ್ಯಾರಡೆ ನಿಯಮ ಇದೇ ಅಲ್ಲವೇ!

1933ರಲ್ಲಿ ಹಿಟ್ಲರ್ ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆಯಲು ಆರಂಭಿಸಿದಾಗ, ಅವರಿಗೆ ನೆರವಾಗುವ ಸಂಸ್ಥೆ ಕಟ್ಟಿದವರಲ್ಲಿ ಹಿಲ್ ಕೂಡ ಒಬ್ಬರು. ಹಾಗೆ ಜರ್ಮನಿ ಬಿಟ್ಟು ಅವರ ಲಂಡನ್ ಪ್ರಯೋಗಾಲಯ ಸೇರಿದ ಬರ್ನಾರ್ಡ್ ಕಾಟ್ಜ್ 1970ರಲ್ಲಿ ನೊಬೆಲ್ ಪಡೆದರು. 1943ರಲ್ಲಿ ಹಿಲ್ ಭಾರತಕ್ಕೂ ಬಂದು, ಇಲ್ಲಿನ ವಿಜ್ಞಾನ ಸಂಶೋಧನೆಯ ಬಗ್ಗೆ ವರದಿ ಬರೆದರು. ದೆಹಲಿಯ ಏಮ್ಸ್‌ನಂಥ ಸಂಸ್ಥೆ ಬೇಕೆಂದು ಸಲಹೆ ಕೊಟ್ಟವರಲ್ಲಿ ಅವರೂ ಇದ್ದರು. 1977ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ನಾನು ಬಿಇ ಓದುತ್ತಿದ್ದೇನೆ. ತಪ್ಪು ಬ್ರಾಂಚ್ ಸೇರಿದೆನೇನೋ ಎಂಬ ಕೊರಗು ಪ್ರತಿ ಸೆಮಿಸ್ಟರ್ ಕಾಡುತ್ತದೆ. ಹಿಲ್ ಗಣಿತ ಬಿಟ್ಟು ಹೋದರೂ ಗಣಿತ ಅವರ ಕೈಬಿಡಲಿಲ್ಲ. ಕಲಿತದ್ದು ಎಲ್ಲಿ ಕೆಲಸಕ್ಕೆ ಬರುತ್ತದೋ ಮೊದಲೇ ಹೇಳಲಾಗದು. ಸದ್ಯಕ್ಕೆ ನಾನೂ ಗೆಳೆಯರ ಜೊತೆ ಎರಡು ಸುತ್ತು ಓಡುತ್ತಿದ್ದೇನೆ. ನನ್ನ ಸಾಲ ತೀರಲು ಮಾತ್ರ ಅವರಿಗಿಂತ ಹೆಚ್ಚು ಹೊತ್ತು ಬೇಕು!